ಮೊದಲೇ ಜೋಳ ಸುರಿದ ನರಿ

ನಿಂತಿರುವಾಗ ಆರು ಜನರ ಊಟ ಕೇಳುತ್ತೆ, ಓಡೋಕೆ ಶುರುಮಾಡಿದರೆ ಒಬ್ಬರ ಊಟ ಸಾಕು ಅನ್ನುತ್ತೆ. ಏನದು? ಬರಲಿಲ್ಲವಾ? ಬಿಡಿ, ಅದು ಗಿರಣಿ ಮೋಟಾರು. ಹೊರಡುವಾಗ ಅದಕ್ಕೆ ಕರೆಂಟಿನ ಹಸಿವು ಜಾಸ್ತಿ.

ಒಂದು ಕಾಡಿನಲ್ಲಿ ಕರಡಿಯೊಂದು ಹಿಟ್ಟಿನ ಗಿರಣಿ ಇಟ್ಟಿತ್ತು. ಅದು ಸ್ಟಾರ್ಟರಿನ ಹಿಡಿಯನ್ನು ಮೊದಲು ಸ್ಟಾರ್ ಅನ್ನೋ ಮೊದಲ ಮೆಟ್ಟಿಲಿಗೆ ಹಾಕುತ್ತಿತ್ತು. ಆಗ ಮೋಟಾರು ಎಳೆಯುವ ಕರೆಂಟೂ ಕಡಿಮೆ, ಅದರ ಬಲವೂ ಮೂರರಲ್ಲಿ ಒಂದು ಪಾಲು. ಕಲ್ಲು ಖಾಲಿಯಾಗಿ ತಿರುಗಿ ವೇಗ ಬಂದ ಮೇಲೆ ಹಿಡಿಯನ್ನು ಡೆಲ್ಟಾ ಅನ್ನೋ ಎರಡನೇ ಮೆಟ್ಟಿಲಿಗೆ ಎಳೆಯುತ್ತಿತ್ತು. ಪೂರ್ತಿ ಬಲ ಬರುತ್ತಿತ್ತು. ಕಾಳು ಬಿಡುತ್ತಿದ್ದದ್ದು ಆಮೇಲೆಯೇ.

ಅಂದು ಸಾಲಿನಲ್ಲಿ ಮೊದಲು ಮೊಲಮ್ಮ ನಿಂತಿದ್ದಳು. ಅವಳ ಮರಿಗಳಿಗೆ ಜ್ವರ ಬಿಟ್ಟು ಅಂದೇ ಹಸಿವಾಗಿತ್ತು. ರಾಗಿ ಗಂಜಿ ಕೇಳಿದ್ದವು. ಮನೆಯಲ್ಲಿ ಚಿಟಿಕೆ ಹಿಟ್ಟಿರಲಿಲ್ಲ. ಅವಳ ಹಿಂದೆ ಜೋಳದ ಚೀಲ ಹೊತ್ತ ನರಿ. ಕರಡಿ ನೀರು ಕುಡಿಯಲು ಹೋದದ್ದೇ ತಡ, ನರಿ ತನ್ನ ಜೋಳವನ್ನೆಲ್ಲ ಗಿರಣಿಯ ಬಾಯಿಗೆ ಸುರಿಯಿತು. ಕಲ್ಲಿನ ಸಂದಿಯೆಲ್ಲ ತುಂಬಿತು.

"ಏನಪ್ಪಾ ಇದು, ಸರದಿ ನಂದಲ್ವಾ?" ಅಂದಳು ಮೊಲಮ್ಮ.

"ಸುರಿದಾಯ್ತಲ್ಲಕ್ಕಾ. ಇನ್ನು ಮೊಗೆದು ತೆಗೆಯೋರು ಯಾರು?" ಅಂದಿತು ನರಿ.

ಮೊಲಮ್ಮ ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಕರಡಿ ಬಂದು ಹಿಡಿಯನ್ನು ಸ್ಟಾರಿಗೆ ಹಾಕಿತ್ತು. ಮೋಟಾರು ಗುಂಯ್ ಎಂದು ನರಳಿತೇ ಹೊರತು ತಿರುಗಲಿಲ್ಲ.

"ಬಲ ಸಾಲದು ಮಾವ, ಡೆಲ್ಟಾಕ್ಕೆ ಎಳೀಬೇಕು," ಎಂದು ನರಿ ತಾನೇ ಹಿಡಿ ಎಳೆಯಿತು. ಫಟ್. ಫ್ಯೂಸು ಹೋಯಿತು.

ಮೊಲಮ್ಮನ ಕಿವಿಗಳು ಜೋತುಬಿದ್ದವು. "ಮೋಟಾರು ಸುಟ್ಟೋಯ್ತಾ ಕರಡಿಯಣ್ಣ? ಮರಿಗಳಿಗೆ ಏನು ಹೇಳಲಿ?"

ಕರಡಿ ಮೂಸಿ ನೋಡಿತು. "ಸುಟ್ಟ ವಾಸನೆ ಇಲ್ಲಮ್ಮ. ಫ್ಯೂಸು ತಂತಿ ನಾನು ಹಾಕ್ತೀನಿ. ಕಲ್ಲಲ್ಲಿ ಸಿಕ್ಕಿರೋ ಜೋಳ ಇವನು ಬಿಡಿಸ್ತಾನೆ."

"ಉಗುರು ಕಿತ್ತುಹೋಗುತ್ತೆ ಮಾವ," ಅಂದಿತು ನರಿ.

"ಬಾಲ ಇದೆಯಲ್ಲ, ಅದರಲ್ಲಿ ಗುಡಿಸು."

ಎಲ್ಲ ಬಿಡಿಸುವಷ್ಟರಲ್ಲಿ ನರಿಯ ಮೂತಿ, ಮೀಸೆ, ಬಾಲ ಬೆಳ್ಳಗಾಗಿದ್ದವು. ಖಾಲಿ ಕಲ್ಲು ಸಲೀಸಾಗಿ ತಿರುಗಿತು. ಮೊಲಮ್ಮನ ರಾಗಿ ಹಿಟ್ಟಾಯಿತು. ಅಷ್ಟರಲ್ಲಿ ಕಾಡಿನ ಕರೆಂಟೇ ಹೋಯಿತು. ನರಿ ಬೀಸದ ಜೋಳದ ಚೀಲ ತಬ್ಬಿಕೊಂಡು ಕೂತಿತು.

ಮೊಲಮ್ಮ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. "ಬಾರೋ, ಒಂದು ಲೋಟ ಗಂಜಿ ಕುಡಿದು ಹೋಗುವಿಯಂತೆ."

ನೀತಿ: ಹೊರಡುತ್ತಿರುವವನ ಮೇಲೆ ಹೊರೆ ಹೇರಬೇಡ, ಸರದಿ ಮುರಿದವನೇ ಕೊನೆಗೆ ಉಳಿಯುತ್ತಾನೆ.

ಗಂಜಿಗೆ ಕರೆದದ್ದು ಮಾತ್ರ ನಾನೇ ಕಟ್ಟಿದ್ದು. ನರಿ ಹಸಿದುಕೊಂಡೇ ಮನೆಗೆ ಹೋಯಿತಂತೆ. ಹಾಗಂತ ಬರೆಯೋಕೆ ಮನಸ್ಸು ಬರಲಿಲ್ಲ.