ಎಮ್ಮೆಯ ಕಾಲಿನ ಮಸಿ

ಕೊಕ್ಕರೆಗಳಿಗೆ ಎಣಿಕೆ ಕಲಿಸಿದವನೇ ನಾನು, ಹಾಗಾಗಿ ಈ ಕಥೆಯ ಒಂದಂಕಿಯೂ ಸುಳ್ಳಲ್ಲ.

ಒಂದು ಕೆರೆಯ ಯಜಮಾನಿಕೆಗೆ ಚುನಾವಣೆ ಬಂತು. ಹಳೆಯ ಯಜಮಾನನಾದ ಬಿಳಿ ಹೋರಿ, ಎಮ್ಮೆಗಳನ್ನು ನೀರಿಗಿಳಿಯಲು ಬಿಡುತ್ತಿರಲಿಲ್ಲ; ಬಿಸಿಲಿಗೆ ಅವುಗಳ ಚರ್ಮ ಬಿರಿಯುತ್ತಿತ್ತು. ಎಲ್ಲರಿಗೂ ನೀರು ಎಂದು ಆಮೆ ಎದುರು ನಿಂತಿತು.

ಮತಗಟ್ಟೆಯ ಅಧಿಕಾರಿ ಕೊಕ್ಕರೆ. ಓಟು ಹಾಕಿದವರ ಮುಂಗಾಲಿಗೆ ಅದು ಕಪ್ಪು ಮಸಿ ಹಚ್ಚುತ್ತಿತ್ತು. ಹನ್ನೆರಡು ಬಿಳಿ ಹಸುಗಳು ಓಟು ಹಾಕಿದ ಮೇಲೆ ಚೆನ್ನವ್ವನೆಂಬ ಮುದಿ ಎಮ್ಮೆ ಕಾಲು ಚಾಚಿತು.

“ಕಾಲು ಕಪ್ಪಗಿದೆ. ನಿನ್ನ ಓಟು ಆಗಲೇ ಆಗಿದೆ, ನಡಿಯವ್ವ.”

“ಹುಟ್ಟಿದಾಗಿನಿಂದ ಹೀಗೇ ಇದೆಯಪ್ಪಾ!”

“ಹಾಗಾದರೆ ಹುಟ್ಟಿದಾಗಲೇ ಹಾಕಿದ್ದೀಯ. ಮುಂದಿನವರು ಬನ್ನಿ!”

ಹಿಂದಿದ್ದ ನಲವತ್ತು ಎಮ್ಮೆಗಳಿಗೂ ಅದೇ ಉತ್ತರ. ಪ್ರತಿ ಹೆಸರಿನ ಮುಂದೆಯೂ ಕೊಕ್ಕರೆ “ಓಟು ಹಾಕಿದೆ” ಎಂದು ಬರೆದುಕೊಂಡಿತು.

ಮುದಿ ಎಮ್ಮೆ ಜಗಳವಾಡದೆ ಪೆಟ್ಟಿಗೆಯ ಪಕ್ಕದಲ್ಲೇ ಮೆಲುಕು ಹಾಕುತ್ತಾ ಕೂತಿತು. ಸಂಜೆ ಪೆಟ್ಟಿಗೆ ತೆರೆದರೆ ಹನ್ನೆರಡೇ ಚೀಟಿ, ಎಲ್ಲವೂ ಹೋರಿಗೆ. ಹೋರಿ ಹಾರಕ್ಕೆ ಕೊರಳೊಡ್ಡಿತು.

“ತಾಳಿ ಸ್ವಾಮಿ,” ಎಂದಿತು ಎಮ್ಮೆ. “ನಿಮ್ಮ ಪುಸ್ತಕದಲ್ಲಿ ನಮ್ಮ ನಲವತ್ತೊಂದು ಓಟು ಬಿದ್ದಿವೆ. ಎಲ್ಲಿ, ತೆಗೆಯಿರಿ. ಇಲ್ಲವಾದರೆ ನೀವೇ ನುಂಗಿದಿರಿ ಅಂತಾರೆ, ನಿಮ್ಮ ಕೊಕ್ಕು ಮೊದಲೇ ಉದ್ದ.”

ಕೊಕ್ಕರೆ ಪುಸ್ತಕ ನೋಡಿತು, ಪೆಟ್ಟಿಗೆ ನೋಡಿತು. “ನೀವು ಹಾಕಲೇ ಇಲ್ಲ,” ಎಂದಿತು ಮೆಲ್ಲಗೆ.

“ಹಾಗಿದ್ದರೆ ಚೀಟಿ ಕೊಡಿ!” ಎಂದು ನಲವತ್ತೊಂದು ಎಮ್ಮೆಗಳೂ ಸಾಲಾಗಿ ನಿಂತವು.

ಈ ಸಲ ಕೊಕ್ಕರೆ ಅವುಗಳ ಕಾಲಿಗೆ ಸುಣ್ಣ ಹಚ್ಚಿತು. ಗೆದ್ದ ಆಮೆ ನಡೆದುಬಂದು ಯಜಮಾನನ ಕಲ್ಲು ಹತ್ತುವಷ್ಟರಲ್ಲಿ ಆ ಸುಣ್ಣವೆಲ್ಲ ಕೆರೆಯ ನೀರಿನಲ್ಲಿ ತೊಳೆದುಹೋಗಿತ್ತು.