ಒಣಗಿದ ಹೀರೆಕಾಯಿ ಗಲಗಲ ಅನ್ನುವುದು ಯಾಕೆ

ಭೂಮಿ ಇನ್ನೂ ಹೊಸದಾಗಿದ್ದಾಗಿನ ಮಾತು ಇದು. ಎಷ್ಟು ಹೊಸದು ಅಂದರೆ, ಬಂಡೆಗಳಿಗೆ ಇನ್ನೂ ಪಾಚಿ ಹತ್ತಿರಲಿಲ್ಲ, ಹೊಳೆಗೆ ತನ್ನ ದಾರಿ ಪೂರ್ತಿ ಬಾಯಿಪಾಠ ಆಗಿರಲಿಲ್ಲ. ಆಗ ಗಿಡಬಳ್ಳಿಗಳು ಮಾತಾಡುತ್ತಿದ್ದವು. ಗಾಳಿಯೂ ಮಾತಾಡುತ್ತಿತ್ತು. ಆದರೆ ಮನುಷ್ಯರಿಗೆ ಅವುಗಳ ಮಾತು ತಿಳಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಕಷ್ಟ ಶುರುವಾದದ್ದೇ ಅದರಿಂದ.

ಆ ಹೊಳೆಯ ದಡದಲ್ಲಿ ಸಾಕಜ್ಜಿ ಎಂಬ ಮುದುಕಿ ಇದ್ದಳು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಒಂದೇ ಹುಚ್ಚು. ತರಕಾರಿ ಬೆಳೆಯುವುದು, ಬೀಜ ತೆಗೆದಿಡುವುದು. ಯಾರೂ ಮಾಡು ಅಂದಿರಲಿಲ್ಲ, ಅವಳಿಗೆ ಅದು ಇಷ್ಟ, ಅಷ್ಟೇ.

ಊರಿನ ಉಳಿದವರು ಬಳ್ಳಿಯಲ್ಲಿ ಬಿಟ್ಟದ್ದನ್ನೆಲ್ಲ ಎಳೆಯದರಲ್ಲೇ ಕಿತ್ತು ತಿನ್ನುತ್ತಿದ್ದರು. ಸಾಕಜ್ಜಿ ಮಾತ್ರ ಪ್ರತಿ ಬಳ್ಳಿಯಲ್ಲೂ ಒಂದು ಕಾಯಿಯನ್ನು ಕೀಳದೆ ಬಿಡುತ್ತಿದ್ದಳು. ಮಿಕ್ಕಿದ್ದನ್ನಲ್ಲ, ಸೊಟ್ಟಗಿರುವುದನ್ನಲ್ಲ, ಎಲ್ಲಕ್ಕಿಂತ ಚೆನ್ನಾಗಿರುವುದನ್ನೇ. ಅದು ಬಲಿತ ಮೇಲೆ ಬೀಜ ತೆಗೆದು, ಹುಳು ಹತ್ತದಿರಲಿ ಎಂದು ಒಲೆಯ ಬೂದಿಯಲ್ಲಿ ಹೊರಳಿಸಿ, ಮಡಕೆಯಲ್ಲಿ ಇಡುತ್ತಿದ್ದಳು. ಮಳೆ ಬಿದ್ದಾಗ ಊರೆಲ್ಲ ಅವಳ ಬಾಗಿಲಿಗೆ ಬರುತ್ತಿತ್ತು.

"ಅಜ್ಜಿ, ನಾಲ್ಕು ಅವರೆ ಬೀಜ."

"ಅಜ್ಜಿ, ಒಂದು ಚಿಟಿಕೆ ಬದನೆ ಬೀಜ."

"ಹೋದ ವರ್ಷ ಕೊಟ್ಟಿದ್ದನ್ನ ಬೀಜಕ್ಕೂ ಬಿಡದೆ ಸಾರು ಮಾಡಿ ಕುಡಿದ್ರಾ?" ಎಂದು ಬೈಯುತ್ತಲೇ ಅಜ್ಜಿ ಕೊಡುತ್ತಿದ್ದಳು.

ವಯಸ್ಸಾಗುತ್ತ ಅಜ್ಜಿಯ ಕಣ್ಣು ಮಂಜಾಯಿತು. ಅದಕ್ಕೆ ಅವಳು ಹೆದರಲಿಲ್ಲ. ಅವರೆಕಾಯಿ ಬೆರಳಿಗೆ ಚಟಚಟ ಅಂದರೆ ಒಣಗಿದೆ ಎಂದು ಅರ್ಥ. ಸೌತೆಕಾಯಿ ಘಮ್ಮೆಂದರೆ ಹಣ್ಣಾಗಿದೆ ಎಂದು ಅರ್ಥ. ಆದರೆ ಕಣ್ಣಿದ್ದಾಗ ಸಿಪ್ಪೆಯ ಬಣ್ಣ ನೋಡಿ ಕೊಯ್ಯುತ್ತಿದ್ದ ಹೀರೆಕಾಯಿ ಬೆರಳಿಗೂ ಮೂಗಿಗೂ ಏನನ್ನೂ ಹೇಳುತ್ತಿರಲಿಲ್ಲ. ಆಗಿನ ಹೀರೆಕಾಯಿಯೊಳಗೆ ನಾರು ಇರಲಿಲ್ಲ, ಬರೀ ನೀರು ತುಂಬಿದ ತಿರುಳು.

ಒಂದು ವರ್ಷ ಅಜ್ಜಿ ಅದನ್ನು ಬೇಗ ಕೊಯ್ದಳು. ಬೀಜ ಹಾಲುಹಲ್ಲಿನ ಹಾಗೆ ಬೆಳ್ಳಗಿತ್ತು, ಬಿತ್ತಿದರೆ ಮೊಳೆಯಲಿಲ್ಲ. ಮರುವರ್ಷ ತಡ ಮಾಡಿದಳು. ಒಳಗೆಲ್ಲ ಕೊಳೆತು ಬೀಜವೂ ಲೊಳಲೊಳ ಆಗಿತ್ತು. ಕೊನೆಗೆ ಮಡಕೆಯ ತಳದಲ್ಲಿ ಹಳೆಯದೊಂದೇ ಬೀಜ ಸಿಕ್ಕಿತು. ಅದನ್ನು ಬಿತ್ತಿದಳು. ಬಳ್ಳಿ ಬಂತು. ಬಳ್ಳಿಯಲ್ಲಿ ಒಂದೇ ಕಾಯಿ ನಿಂತಿತು. ಅದೂ ಹೋದರೆ ಭೂಮಿಯ ಮೇಲೆ ಇನ್ನು ಹೀರೆಕಾಯಿಯೇ ಇರುವುದಿಲ್ಲ.

ಅಜ್ಜಿ ದಿನಾ ಬೆಳಿಗ್ಗೆ ಬಂದು ಆ ಕಾಯಿಯನ್ನು ಸವರಿ ಹೋಗುತ್ತಿದ್ದಳು. ಒಂದು ದಿನ ಸೊಸೆ ಮುದ್ದಕ್ಕ ನಕ್ಕಳು. "ಅತ್ತೆ, ನಿಮ್ಮ ಮಗನ್ನ ಸಾಕುವಾಗಲೂ ನೀವು ಇಷ್ಟು ಜೋಪಾನ ಮಾಡಿರಲಿಕ್ಕಿಲ್ಲ."

"ಅವನು ಹಸಿದರೆ ಊರಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದ ಕಣೇ, ತಿಳಿಯುತ್ತಿತ್ತು," ಅಂದಳು ಅಜ್ಜಿ. "ಇದು ತುಟಿ ಬಿಚ್ಚಲ್ಲ. ಯಾವತ್ತು ಕೊಯ್ಯಲಿ, ಹೇಳು?"

ಹೇಳುತ್ತ ಹೇಳುತ್ತ ಅಜ್ಜಿಯ ಕಣ್ಣಲ್ಲಿ ನೀರು ಬಂತು. ಹೀರೆಕಾಯಿಗೆ ಅದು ಕಾಣಿಸಿತು. ಅಯ್ಯೋ, ನಾನೆಷ್ಟು ಕೂಗಿದರೂ ಇವಳಿಗೆ ಕೇಳುವುದಿಲ್ಲವಲ್ಲ ಎಂದು ಅದು ನೊಂದುಕೊಂಡಿತು.

ಅದು ಸೂರ್ಯನನ್ನು ಕೇಳಿತು. "ಸೂರ್ಯಣ್ಣ, ನನ್ನ ಬೀಜ ಬಲಿತಿದೆ ಎಂದು ಅಜ್ಜಿಗೆ ಹೇಗೆ ತಿಳಿಸಲಿ?"

ಸೂರ್ಯ ಅಂದ, "ಒದ್ದೆ ಬೀಜಕ್ಕೆ ಸದ್ದು ಬರಲ್ಲ ತಂಗಿ. ನಿನ್ನೊಳಗಿನ ನೀರನ್ನೆಲ್ಲ ನನಗೆ ಕೊಟ್ಟುಬಿಡು."

"ನೀರು ಹೋದರೆ ನನ್ನ ರುಚಿ ಹೋಗುತ್ತೆ. ಆಮೇಲೆ ನನ್ನನ್ನು ಯಾರು ಇಷ್ಟಪಡ್ತಾರೆ?"

ಹೀರೆಕಾಯಿ ಒಂದು ದಿನವೆಲ್ಲ ಯೋಚಿಸಿತು. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಕೊಟ್ಟಿತು. ಒಣಗುತ್ತಿದ್ದ ತಿರುಳು ಬೀಜಗಳ ಮೇಲೆ ಕುಸಿಯತೊಡಗಿತು. ಹಾಗಾದರೆ ಬೀಜಗಳು ಅಂಟಿಕೊಂಡುಬಿಡುತ್ತವೆ, ಅಲ್ಲಾಡಲು ಜಾಗ ಇರುವುದಿಲ್ಲ. ಹೀರೆಕಾಯಿ ಗಾಬರಿಯಿಂದ ಎಲೆಯ ಮೇಲಿದ್ದ ಜೇಡವನ್ನು ಕೂಗಿತು.

"ಜೇಡಕ್ಕ, ನನಗೊಂದು ಬಲೆ ಬೇಕು."

"ಕಾಯಿಗೆ ಬಲೆ ಯಾಕಮ್ಮಾ, ಸೊಳ್ಳೆ ಕಾಟವಾ?" ಎಂದು ಜೇಡ ಕಿಸಕ್ಕನೆ ನಕ್ಕಿತು. ವಿಷಯ ತಿಳಿದ ಮೇಲೆ ಎಲೆಯಿಂದ ಕಾಯಿಯ ಹತ್ತಿರ ಇಳಿದುಬಂತು. "ನಿನ್ನೊಳಗೆ ನಾನು ಬರಲಾರೆ. ನೇಯುವುದು ಹೇಳಿಕೊಡ್ತೀನಿ. ಮೊದಲು ಉದ್ದ ಎಳೆ, ಆಮೇಲೆ ಅಡ್ಡ ಎಳೆ. ಬೀಜಕ್ಕೆ ನಡುವೆ ಓಡಾಡೋಕೆ ಓಣಿ ಬಿಡು."

ಹೀರೆಕಾಯಿ ತನ್ನ ನರಗಳನ್ನೇ ಎಳೆ ಮಾಡಿಕೊಂಡು ನೇಯ್ದಿತು. ಉದ್ದಕ್ಕೆ ನೇಯ್ದಿತು, ಅಡ್ಡಕ್ಕೆ ನೇಯ್ದಿತು. ಹೊರಗೆ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿತು, ಮೈ ಹಗುರಾಯಿತು.

ಒಂದು ಬೆಳಿಗ್ಗೆ ಅಜ್ಜಿ ಬಂದು ಸವರಿದಾಗ ಅದು ಪೂರ್ತಿ ಒಣಗಿತ್ತು. ಅವಳು ಅದುವರೆಗೆ ಒಣಗಿದ ಹೀರೆಕಾಯಿಯನ್ನು ಮುಟ್ಟಿಯೇ ಇರಲಿಲ್ಲ. ಹಾಗಾಗಿ ಸತ್ತುಹೋಗಿದೆ ಎಂದುಕೊಂಡಳು.

"ಹೋಯ್ತು ಕಣೇ ಮುದ್ದಕ್ಕ. ಬರೀ ಟೊಳ್ಳು. ನನ್ನ ಕೈಯಲ್ಲೇ ಇದರ ವಂಶ ಮುಗಿದುಹೋಯ್ತು."

ಮುದ್ದಕ್ಕ ಅವತ್ತು ನಗಲಿಲ್ಲ. ಅತ್ತೆಯ ಹೆಗಲು ಹಿಡಿದುಕೊಂಡಳು. "ಕೂತ್ಕೊಳ್ಳಿ ಅತ್ತೆ. ನೀವು ಮಾಡೋದನ್ನೆಲ್ಲ ಮಾಡಿದ್ರಿ. ಇದನ್ನ ಒಲೆಗೆ ಹಾಕ್ತೀನಿ, ನೋಡ್ತಾ ಇದ್ರೆ ಸಂಕಟ." ಅವಳು ಕಾಯಿಯ ತೊಟ್ಟಿಗೆ ಕೈ ಹಾಕಿದಳು.

"ಗಾಳಿಯಣ್ಣ!" ಎಂದು ಹೀರೆಕಾಯಿ ಕಿರುಚಿತು. "ಒಂದೇ ಒಂದು ಸಲ ನನ್ನನ್ನು ಅಲ್ಲಾಡಿಸು!"

ಹೊಳೆಯ ಆಚೆ ದಡದಲ್ಲಿದ್ದ ಗಾಳಿ ಓಡಿಬಂತು. ಬಂದದ್ದೇ ಬಳ್ಳಿಯನ್ನು ಹಿಡಿದು ಅಲ್ಲಾಡಿಸಿತು.

ಗಲ. ಗಲ. ಗಲಗಲಗಲ.

"ಏಯ್, ಕೈ ತೆಗಿ!" ಅಂದಳು ಅಜ್ಜಿ. "ಏನದು ಸದ್ದು?"

ಅವಳು ಕಾಯಿಯ ಕೆಳಗೆ ಬೊಗಸೆ ಒಡ್ಡಿದಳು. ಹೀರೆಕಾಯಿ ಶಕ್ತಿಯನ್ನೆಲ್ಲ ಸೇರಿಸಿ ತನ್ನ ತುದಿಯನ್ನು ಪಟ್ಟನೆ ಬಿಚ್ಚಿತು. ಪುಟ್ಟ ಮುಚ್ಚಳದ ಹಾಗೆ ಅದು ಕಳಚಿಬಿತ್ತು. ಹಿಂದೆಯೇ ಬೀಜಗಳು ಉದುರಿದವು, ಒಂದು, ಎರಡು, ಆಮೇಲೆ ಬೊಗಸೆ ತುಂಬ.

"ಯಾವ ಬಣ್ಣ? ಬೇಗ ಹೇಳೇ!"

"ಕರ್ರಗಿವೆ ಅತ್ತೆ! ಕಾಡಿಗೆಯ ಹಾಗೆ ಕರ್ರಗಿವೆ!"

ಅಜ್ಜಿ ಅಲ್ಲೇ ಮಣ್ಣಿನಲ್ಲಿ ಕೂತು, ಖಾಲಿಯಾದ ಕಾಯಿಯನ್ನು ಕೆನ್ನೆಗೆ ಒತ್ತಿಕೊಂಡಳು. ರುಚಿ ಹೋದರೆ ಯಾರು ಇಷ್ಟಪಡುತ್ತಾರೆ ಎಂದು ಹೆದರಿದ್ದ ಹೀರೆಕಾಯಿಗೆ ಆಗ ಹೇಗನ್ನಿಸಿರಬೇಕು! ಆಮೇಲೆ ಅಜ್ಜಿ ಅರ್ಧ ಬೀಜವನ್ನು ಸೊಸೆಯ ಕೈಗೆ ಸುರಿದಳು. "ಹಿಡಿ. ಇನ್ನು ನೀನೂ ಒಂದು ಮಡಕೆ ಇಡು."

ಅದಕ್ಕೇ ಇವತ್ತಿಗೂ, ಬೇಲಿಯ ಮೇಲೆ ಕೀಳದೆ ಬಿಟ್ಟ ಹೀರೆಕಾಯಿ ಒಳಗೆಲ್ಲ ನಾರಿನ ಬಲೆ ನೇಯ್ದುಕೊಂಡು ಒಣಗುತ್ತದೆ, ಮತ್ತು ನೀನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ: ಬೀಜ ಆಯಿತು, ಕೈ ಒಡ್ಡು.