ಶೆಟ್ರ ಅರುವತ್ತು ಬಾಟಲಿ

ವ್ಯಾಪಾರ ಇಷ್ಟು: ಅರುವತ್ತು ಬಾಟಲಿ ವೈನು, ಒಂದಕ್ಕೆ ಎರಡು ಸಾವಿರದ ಇನ್ನೂರು, ಒಟ್ಟು ಒಂದು ಲಕ್ಷದ ಮೂವತ್ತೆರಡು ಸಾವಿರ. ಮಾರುವವಳು ಮಂಗಳೂರಿನ ಕಂಕನಾಡಿಯಲ್ಲಿ ವೈನಿನಂಗಡಿ ಇಟ್ಟ ಕಾರ್ಮಿನ್ ಬಾಯಿ. ಕೊಳ್ಳುವವರು ಹೋಟೆಲಿನ ಮೋನಪ್ಪ ಶೆಟ್ರು. ನಡುವೆ ಓಡಾಡುವವನು ಬಾಯಿಯ ಮಗ, ಇಪ್ಪತ್ತೆಂಟು ವರ್ಷದ ಪಾಸ್ಕು. ತೊಂದರೆ ಅಲ್ಲೇ ಇದ್ದದ್ದು.

ಮಾಲು ಇಟಲಿಯ ದಕ್ಷಿಣದ್ದು. ಅರ್ಧ ಕೆಂಪು, ಅರ್ಧ ಕಿತ್ತಳೆ ಬಣ್ಣ. ಅದರಲ್ಲಿ ಕಿತ್ತಳೆ ಹಣ್ಣಿಲ್ಲ. ಬಿಳಿ ದ್ರಾಕ್ಷಿಯನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಟ್ಟರೆ ಆ ಬಣ್ಣ ಬರುತ್ತದೆ. ಏನೂ ಬೆರೆಸದ, ಸೋಸದ ವೈನು. ತಳದಲ್ಲಿ ಗಷ್ಟು ನಿಲ್ಲುತ್ತದೆ. ಬಾಯಿ ಎರಡು ಬಂಗಾರದ ಬಳೆ ಮಾರಿ ತರಿಸಿದ್ದಳು.

"ಪಾಸ್ಕು, ಈ ಕೆಂಪು ಬಾಟಲಿ ಶೆಟ್ರಿಗೆ ಕೊಟ್ಟು ಬಾ. ರುಚಿ ನೋಡಲಿ."

ಹೋದ. ಹಿಂದಿನ ವಾರ ಅವನಿಗೆ ಕೆಮ್ಮಾಗಿತ್ತು. ಔಷಧಿ ಬಾಟಲಿಯನ್ನು ಕೊಡುವ ಮೊದಲು ಚೆನ್ನಾಗಿ ಕುಲುಕಬೇಕು ಅಂತ ಡಾಕ್ಟರು ಹೇಳಿದ್ದರು. ಕುಲುಕಿದ. ಶೆಟ್ರ ಗ್ಲಾಸಿಗೆ ಕೆಸರು ಬಿತ್ತು.

"ಎಂತ ಮಾಡಿದ್ದು ನೀನು?" ಅಂದಳು ಬಾಯಿ, ಅವನು ಅಂಗಡಿಗೆ ಮರಳಿದಾಗ.

"ಕುಲುಕಿದೆ, ಮಾಯ್."

"ಕುಲುಕುವುದಾ ಅದನ್ನು? ಹಸುಗೂಸಿನ ಹಾಗೆ ನೋಡಿಕೊಳ್ಳಬೇಕು, ಹಸುಗೂಸಿನ ಹಾಗೆ."

"ಆಯಿತು, ಮಾಯ್."

ಮರುದಿನ ಕಿತ್ತಳೆ ವೈನಿನ ಸರದಿ. ಹಸುಗೂಸಿಗೆ ಏನು ಮಾಡುತ್ತಾರೆ ಅಂತ ಪಾಸ್ಕುಗೆ ಗೊತ್ತಿತ್ತು. ಬಾಟಲಿಗೆ ತೆಂಗಿನೆಣ್ಣೆ ತಿಕ್ಕಿದ. ಹಂಡೆಯ ಬಿಸಿನೀರಲ್ಲಿ ಮೀಯಿಸಿದ. ಸಾಂಬ್ರಾಣಿ ಹೊಗೆ ಹಿಡಿದ. ಹಳೇ ಸೀರೆಯಲ್ಲಿ ಸುತ್ತಿ, ಕುತ್ತಿಗೆಗೆ ಕಪ್ಪು ಬೊಟ್ಟಿಟ್ಟು ಒಯ್ದ. ಶೆಟ್ರು ಒಂದು ಗುಟುಕು ಕುಡಿದು, "ಇದು ಕಷಾಯವಾ?" ಅಂತ ಕೇಳಿದರು.

"ಸಾಯ್ಬಾ, ದೇವರೇ," ಅಂದಳು ಬಾಯಿ ಸುದ್ದಿ ಕೇಳಿ. "ನಾನೇ ಬರುತ್ತೇನೆ ಇನ್ನು. ಆದಿತ್ಯವಾರ ಶೆಟ್ರು ಊಟಕ್ಕೆ ಕರೆದಿದ್ದಾರೆ, ಅಲ್ಲೇ ಎರಡು ಬಾಟಲಿ ತೆರೆಯುವ. ನೋಡು, ಮಾರುವವರು ಕುಡಿದು ತೂರಾಡಬಾರದು. ಬಾಯಿಗೆ ಹಾಕಿದ್ದನ್ನು ಮೂರು ಸುತ್ತು ತಿರುಗಿಸು, ಪಕ್ಕದಲ್ಲಿ ಬಕೆಟು ಇಡುತ್ತೇನೆ, ಅದಕ್ಕೆ ಉಗಿ. ಒಂದು ಹನಿ ಗಂಟಲಲ್ಲಿ ಇಳಿಯಬಾರದು."

"ಆಯಿತು, ಮಾಯ್."

ಆದಿತ್ಯವಾರ ಬಾಯಿ ಎರಡು ಬಾಟಲಿ ತೆರೆದಳು, ಶೆಟ್ರ ಹೆಂಡತಿ ಜಲಜಕ್ಕ ನೀರುದೋಸೆ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಬಡಿಸಿದರು. ಪಾಸ್ಕು ದೋಸೆ ಬಾಯಿಗಿಟ್ಟ, ಮೂರು ಸುತ್ತು ತಿರುಗಿಸಿದ, ಬಕೆಟಿಗೆ ಉಗಿದ. ಬಂಗುಡೆ ಬಾಯಿಗಿಟ್ಟ, ಮೂರು ಸುತ್ತು, ಬಕೆಟಿಗೆ.

"ಖಾರ ಜಾಸ್ತಿ ಆಯಿತಾ ಮಗಾ?" ಅಂದರು ಜಲಜಕ್ಕ.

"ಇಲ್ಲಕ್ಕ, ಇನ್ನೊಂದು ಬಡಿಸಿ," ಅಂದ ಪಾಸ್ಕು.

ಜಲಜಕ್ಕ ಎದ್ದು ಒಳಗೆ ಹೋದರು, ಹೊರಗೆ ಬರಲಿಲ್ಲ. ಶೆಟ್ರು ಗೇಟಿನವರೆಗೆ ಬಂದು, "ವೈನು ಅಡ್ಡಿಯಿಲ್ಲ ಬಾಯಿ. ನಾಳೆ ಮೇನೇಜರನ್ನು ಕರಕೊಂಡು ಅಂಗಡಿಗೇ ಬರುತ್ತೇನೆ. ಅಲ್ಲಿ ಊಟ ಬೇಡ," ಅಂದರು.

ದಾರಿಯುದ್ದಕ್ಕೂ ಬಾಯಿ ಬೈದಳು. "ಕೊಟ್ಟವರ ಮುಖಕ್ಕೆ ಉಗಿದ ಹಾಗಾಯಿತಲ್ಲ. ನಾಳೆ ಶೆಟ್ರು ಕೈಯಾರೆ ಎಂತ ಕೊಟ್ಟರೂ ತೆಗೆದುಕೋ. ಒಂದು ಹನಿ ಬಿಡದೆ ಗಂಟಲಲ್ಲಿ ಇಳಿಸು. ನಗುತ್ತ, ಚೆನ್ನಾಗಿದೆ ಅನ್ನು."

"ಆಯಿತು, ಮಾಯ್."

ಸೋಮವಾರ ಶೆಟ್ರು ಬಂದರು, ಮೇನೇಜರ್ ಬಂದ. ಬಾಯಿ ತಾನೇ ಸುರಿದಳು, ಗಷ್ಟು ಕದಡಲಿಲ್ಲ. ಇಬ್ಬರೂ ಕೆಂಪು ವೈನನ್ನು ಬಾಯಲ್ಲಿ ತಿರುಗಿಸಿ ಬಕೆಟಿಗೆ ಉಗಿದರು. "ನೇರಳೆ ಹಣ್ಣಿನ ಹಾಗುಂಟು," ಅಂದ ಮೇನೇಜರ್. ಕಿತ್ತಳೆಯನ್ನೂ ತಿರುಗಿಸಿ ಉಗಿದರು. "ಪುನರ್ಪುಳಿಯ ಹುಳಿ, ಮೇಲಿಂದ ಕಡು ಚಹಾದ ಒಗರು. ಮೀನಿಗೆ ಇದೇ ಸರಿ," ಅಂದರು ಶೆಟ್ರು. ಇನ್ನೊಮ್ಮೆ ನೋಡಿದರು, ಇನ್ನೊಮ್ಮೆ ಉಗಿದರು. ಬಕೆಟು ಕಾಲು ಭಾಗ ತುಂಬಿತು.

"ಇದ್ದದ್ದೆಲ್ಲ ನನಗೇ ಇರಲಿ ಬಾಯಿ," ಅಂದರು. ಜೇಬಿನಿಂದ ಚೆಕ್ ಪುಸ್ತಕ ತೆಗೆದರು. ಬರೆಯಲು ಜಾಗ ಬೇಕಲ್ಲ, ಮೇಜಿನ ಮೇಲಿದ್ದ ಬಕೆಟನ್ನು ಎತ್ತಿ ಪಾಸ್ಕುವಿನ ಕೈಗೆ ಕೊಟ್ಟರು. "ಹಿಡಿ ಮಾರಾಯ."

ಪಾಸ್ಕು ಹಿಡಿದ. ಬಕೆಟು ಎತ್ತಿದ. ಗಟಗಟ ಒಂದು ಹನಿ ಬಿಡದೆ ಇಳಿಸಿದ. ಬಾಯೊರಸಿಕೊಂಡು ನಕ್ಕ.

"ಚೆನ್ನಾಗಿದೆ ಶೆಟ್ರೇ."

ಮೇನೇಜರ್ ಮೊದಲು ಹೊರಗೆ ಓಡಿದ. ಶೆಟ್ರು ಚೆಕ್ ಪುಸ್ತಕ ಜೇಬಿಗೆ ಹಾಕಿ, ಕರವಸ್ತ್ರ ಮೂಗು ಬಾಯಿಗೆ ಹಿಡಿದು ಕಾರು ಹತ್ತಿದರು. "ತಪ್ಪು ತಿಳೀಬೇಡಿ ಬಾಯಿ. ಆ ವೈನು ನೋಡಿದರೆ ಇನ್ನು ನನಗೆ ಬಕೆಟೇ ಕಾಣುವುದು."

ಕೊನೆಯ ಲೆಕ್ಕ ಹೀಗೆ. ಹೋದ ಬಳೆ ಎರಡು. ತೆರೆದ ಬಾಟಲಿ ಆರು. ಉಳಿದದ್ದು ಐವತ್ತನಾಲ್ಕು. ಲಾಭದ ಕಡೆ ಒಂದೇ: ಬಕೆಟು ತೊಳೆಯುವ ಕೆಲಸ ತಪ್ಪಿತು.